ಕೂಳೆ ಲೆಕ್ಕ ಮುಟ್ಟಬೇಡಿ

ಒಂದೇ ಕಮಿಟ್, ಅಂದರೆ ಯಾರು ಏನು ಬರೆದರು ಅನ್ನೋ ಕೋಡಿನ ದಾಖಲೆಯಲ್ಲಿ ಒಂದೇ ನಮೂದು. 41 ಸಾವಿರ ಸಾಲು. ಬರೆದವರ ಹೆಸರಿನ ಜಾಗದಲ್ಲಿ ನಾನೊಬ್ಬನೇ. ಅದನ್ನು ಪುಷ್ ಮಾಡಿದ ಸಂಜೆ, ಹಬ್ಬಕ್ಕೆ ಮನೆ ತೊಳೆದು ಮುಗಿಸಿದಷ್ಟು ಹಗುರಾಗಿತ್ತು. ಈಗಲೂ ಆ ಕಮಿಟ್ ನೆನಪಾದರೆ ಕಿವಿ ಬಿಸಿಯಾಗುತ್ತೆ.

ನಮ್ಮದು ಮೈಸೂರಿನ ಹೆಬ್ಬಾಳದಲ್ಲಿರುವ 14 ಜನರ ಕಂಪನಿ. ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಟಾವಿನ ಸಾಫ್ಟ್‌ವೇರ್ ಮಾಡ್ತೀವಿ. ಯಾರ ಗದ್ದೆ ಯಾವತ್ತು ಕಡಿಯಬೇಕು, ಪರ್ಮಿಟ್ ಯಾವಾಗ ಕೊಡಬೇಕು, ಗಾಡಿ ಎಷ್ಟು ಹೊತ್ತಿಗೆ ವೇಬ್ರಿಡ್ಜ್ ಹತ್ತಬೇಕು, ಇಂಥದ್ದು. ಕಡಿದ ಕಬ್ಬು ಬಿಸಿಲಲ್ಲಿ ಬಿದ್ದಷ್ಟೂ ತೂಕ ಇಳಿಯುತ್ತೆ, ರಿಕವರಿನೂ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಬೀಳುತ್ತೆ. ಲೆಕ್ಕ ಒಂದು ದಿನ ತಪ್ಪಿದರೆ ಮೊದಲು ಫೋನ್ ಮಾಡೋದು ಫ್ಯಾಕ್ಟರಿಯವರಲ್ಲ, ರೈತರು. ಅವರ ಭಾಷೆ ಇಲ್ಲಿ ಬರೆಯೋ ಹಾಗಿಲ್ಲ.

ಈ ಲೆಕ್ಕದ ಭಾಗವನ್ನು ಬೇರೆ ಮಾಡಿ ಓಪನ್ ಸೋರ್ಸ್ ಮಾಡಿದ್ದೆವು, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ಬಳಸಬಹುದು. ಹೊರಗಿನ ಎರಡು ಕಂಪನಿಗಳು ಬಳಸುವ ಮಾತಾಡಿದವು. ಆದರೆ ಇಬ್ಬರದೂ ಒಂದೇ ಪ್ರಶ್ನೆ: ನಾಳೆ ನೀವು ಲೈಸೆನ್ಸ್ ಬದಲಾಯಿಸಿದರೆ ನಮ್ಮ ಗತಿ ಏನು? ತಪ್ಪು ಪ್ರಶ್ನೆ ಅಲ್ಲ. 2023ರಲ್ಲಿ ಟೆರಾಫಾರ್ಮ್ ಅನ್ನೋ ಸರ್ವರ್ ಸಿದ್ಧ ಮಾಡುವ ಟೂಲಿನ ಲೈಸೆನ್ಸ್ ಬದಲಾದಾಗ ಅದನ್ನು ನಂಬಿಕೊಂಡಿದ್ದವರು ಫೋರ್ಕ್ ಮಾಡಿಕೊಂಡು (ಹಳೇ ಕೋಡಿನ ನಕಲು ತಗೊಂಡು ಬೇರೆಯಾಗಿ), ಓಪನ್‌ಟೋಫು ಅಂತ ಹೆಸರಿಟ್ಟು, ಲಿನಕ್ಸ್ ಫೌಂಡೇಶನ್ ನೆರಳಿಗೆ ಹೋದದ್ದು ಎಲ್ಲರೂ ನೋಡಿದ್ದಾರೆ. ಹಾಗಾಗಿ ನಮ್ಮ ಬಾಸ್‌ಗೆ ಓಪನ್ ಸೋರ್ಸ್ ಕೋಡನ್ನು ಯಾವ ಒಂದು ಕಂಪನಿಯ ಹಿಡಿತಕ್ಕೂ ಬಿಡದೆ ನೋಡಿಕೊಳ್ಳುವ ಒಂದು ಫೌಂಡೇಶನ್ ಬೇಕಾಯಿತು. ನಿಜ ಹೇಳಬೇಕಂದರೆ ಅವರಿಗೆ ಬೇಕಾಗಿದ್ದು ಸೇಲ್ಸ್ ಸ್ಲೈಡ್ ಮೇಲೆ ಒಂದು ಲೋಗೋ.

"ಎಷ್ಟು ದಿನ ಹಿಡಿಯುತ್ತೆ?" ಅಂದರು.

"ಎರಡು ವಾರ ಸಾರ್. ಫಾರಂ ತುಂಬೋದಷ್ಟೇ."

ಹೀಗೆ ಹೇಳಿದವನು ನಾನೇ, ಯಾರೂ ಬಲವಂತ ಮಾಡಿರಲಿಲ್ಲ.

ಯಾವ ಫೌಂಡೇಶನ್ ಅಂತ ಹೇಳಲ್ಲ. ಅದರ ಪದ್ಧತಿಯೆಲ್ಲ ಅಂಥದ್ದೇ ಹಳೇ ಸಂಸ್ಥೆಯಾದ ಅಪಾಚೆಯ ಅಚ್ಚು. ಅಪಾಚೆ ಫೌಂಡೇಶನ್ ಶುರುವಾಗಿದ್ದು 1999ರಲ್ಲಿ, ಹೊಸ ಪ್ರಾಜೆಕ್ಟ್‌ಗಳನ್ನು ಒಳಗೆ ತರುವ ಇನ್‌ಕ್ಯುಬೇಟರ್ 2002ರಲ್ಲಿ. ಅಲ್ಲಿ ಕೋಡ್ ಚೆನ್ನಾಗಿದೆಯಾ ಅನ್ನೋದಕ್ಕಿಂತ ಮೊದಲು ಈ ಕೋಡ್ ಯಾರದ್ದು, ಕೊಡುವ ಹಕ್ಕು ನಿಮಗಿದೆಯಾ ಅಂತ ಕೇಳ್ತಾರೆ. ಈ ಮಾತು ಅವರ ಪುಟದಲ್ಲೇ ಇತ್ತು. ಓದಿದ್ದೆ. ಓದಿ, ನಮಗಲ್ಲ ಇದು ಅಂದುಕೊಂಡು ಮುಂದೆ ಹೋಗಿದ್ದೆ.

ಮೊದಲು ಬಿದ್ದದ್ದು ಹೆಸರು. ನಮ್ಮ ಪ್ರಾಜೆಕ್ಟ್ ಹೆಸರು 'ಗಾಣ'. ಕಬ್ಬು, ಗಾಣ, ಒಳ್ಳೇ ಹೊಂದಿಕೆ ಅಂತ ಎಲ್ಲರೂ ಬೆನ್ನು ತಟ್ಟಿದ್ದರು. ಟ್ರೇಡ್‌ಮಾರ್ಕ್ ತಗಾದೆ ಬರಬಾರದು ಅಂತ ಹೆಸರು ಹುಡುಕಿ ನೋಡುವುದು ಅಲ್ಲಿನ ನಿಯಮ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕಿದರೆ ಪುಟದ ತುಂಬ ಹಾಡು. ಗಾನಾ ಅನ್ನೋ ಹಾಡಿನ ಆ್ಯಪ್ ಇದೆಯಲ್ಲ, ಅದು. ಣಕಾರ ನಕಾರದ ವ್ಯತ್ಯಾಸ ಇಂಗ್ಲಿಷಿಗೆ ಯಾಕೆ ಬೇಕು? ಮೂರು ದಿನ ತಲೆ ಕೆಡಿಸಿಕೊಂಡು 'ಆಲೆಮನೆ' ಅಂತ ಬದಲಾಯಿಸಿದೆವು. ಪ್ರಾಜೆಕ್ಟ್ ಒಳಗೆ ಹೋದ ಮೇಲೆ ಆ ಹೆಸರೂ ಫೌಂಡೇಶನ್‌ದೇ ಆಗುತ್ತೆ ಅಂದಾಗ ಬಾಸ್ ಕುರ್ಚಿಯಿಂದ ಎದ್ದೇ ಬಿಟ್ಟರು. "ಕೋಡೂ ಕೊಟ್ಟು, ಹೆಸರೂ ಕೊಟ್ಟು, ನಾವೇನು ಚೌಲ್ಟ್ರಿಗೆ ಮದುವೆ ಮಾಡಿಸೋಕೆ ಬಂದಿದ್ದೀವಾ?" ಅವರನ್ನು ಒಪ್ಪಿಸಲು ಎರಡು ಮೀಟಿಂಗ್, ಒಂದು ಮಸಾಲೆ ದೋಸೆ ಖರ್ಚಾಯಿತು.

ಆಮೇಲೆ ಲೈಸೆನ್ಸ್ ಹೆಡರ್, ಅಂದರೆ ಈ ಕೋಡ್ ಯಾವ ಲೈಸೆನ್ಸ್ ಕೆಳಗಿದೆ ಅನ್ನೋ ಸಾಲುಗಳು. ಪ್ರತಿ ಫೈಲಿನ ನೆತ್ತಿಯ ಮೇಲೆ ಅದು ಇರಬೇಕು. ಪರೀಕ್ಷೆ ಮಾಡುವ ಟೂಲ್ ಹೆಸರು ರ್‍ಯಾಟ್. ನಮ್ಮ ಟೀಮಿನಲ್ಲಿ ಅದು 'ಇಲಿ' ಆಯಿತು. "ಇಲಿ ಓಡಿಸಿದ್ಯಾ?" ಅನ್ನೋದು ದಿನದ ಸ್ಟ್ಯಾಂಡಪ್ ಮೀಟಿಂಗ್‌ನ ಮೊದಲ ಮಾತಾಯಿತು. ಇಲಿ ಹಿಡಿದುಕೊಟ್ಟ ಒಂದು ಹಳೇ ಜೇಸನ್ ಲೈಬ್ರರಿಯ (ಬೇರೆಯವರು ಬರೆದ ಸಿದ್ಧ ಕೋಡ್) ಲೈಸೆನ್ಸ್‌ನಲ್ಲಿ ಈ ಸಾಫ್ಟ್‌ವೇರನ್ನು ಒಳ್ಳೇದಕ್ಕೆ ಬಳಸಬೇಕು, ಕೆಟ್ಟದ್ದಕ್ಕಲ್ಲ ಅಂತ ಒಂದು ಸಾಲು ಇತ್ತು. ಎಷ್ಟು ಚೆನ್ನಾಗಿದೆ ಅಲ್ವಾ? ಅದೇ ತೊಂದರೆ. ಒಳ್ಳೇದು ಕೆಟ್ಟದ್ದು ಅಂತ ತೀರ್ಮಾನ ಮಾಡೋರು ಯಾರು? ಬಳಕೆಗೆ ಷರತ್ತು ಹಾಕಿದರೆ ಅದು ಓಪನ್ ಸೋರ್ಸ್ ಅಲ್ಲ ಅಂತ ಅಪಾಚೆಯವರು 2016ರಲ್ಲೇ ಅದನ್ನು ಹೊರಗಿಟ್ಟಿದ್ದಾರೆ. ತೆಗೆದು ಬೇರೆ ಲೈಬ್ರರಿ ಹಾಕಿದೆವು. ಅರ್ಧ ದಿನದ ಕೆಲಸ.

ಇಷ್ಟರಲ್ಲಿ ಎರಡು ವಾರ ಹೋಗಿ ಎರಡು ತಿಂಗಳಾಗಿತ್ತು. ಇನ್ನು ಉಳಿದಿದ್ದು ಫೌಂಡೇಶನ್ ಕಡೆಯಿಂದ ನಮಗೆ ದಾರಿ ತೋರಿಸುವ ಮೆಂಟರ್ ಜೊತೆ ಒಂದು ಕಾಲ್.

ಮೆಂಟರ್ ಜರ್ಮನಿಯವರು. ಇವರಿಗೆಲ್ಲ ಫೌಂಡೇಶನ್ ಸಂಬಳ ಕೊಡಲ್ಲ, ತಮ್ಮ ಕೆಲಸ ಮುಗಿಸಿ ಬಂದು ಕೂರ್ತಾರೆ. ನಮಗೆ ರಾತ್ರಿ ಒಂಬತ್ತೂವರೆ. ನಾನು ಮನೆಯಲ್ಲಿ, ಕೈಯಲ್ಲಿ ಟೀ. ಬಾಸ್ ಕೂಡ ಕಾಲ್‌ನಲ್ಲಿ, ಬರಬೇಡಿ ಅಂದರೂ ಬಂದಿದ್ದರು.

ಆತ ನಿಧಾನಕ್ಕೆ ಕೇಳಿದರು. ಮೂರು ವರ್ಷದ ಪ್ರಾಜೆಕ್ಟ್ ಅಂತ ಬರೆದಿದ್ದೀರಿ, ರೆಪೊದಲ್ಲಿ (ಕೋಡ್ ಇಡುವ ಜಾಗ) ಒಂದೇ ಕಮಿಟ್ ಇದೆ, ಅಷ್ಟನ್ನೂ ನೀವೊಬ್ಬರೇ ಬರೆದಿರಾ?

ಇಲ್ಲಿ ನಾನು ನಿಲ್ಲಬೇಕಿತ್ತು. ಇಲ್ಲ ಸಾರ್, ಹಳೇ ಹಿಸ್ಟರಿಯಲ್ಲಿ ಪಾಸ್‌ವರ್ಡ್ ಇತ್ತು, ಒಂದು ಫ್ಯಾಕ್ಟರಿಯ ರೈತರ ಪಟ್ಟಿ ಇತ್ತು, ಹೆದರಿ ಎಲ್ಲ ಸೇರಿಸಿ ಒಂದೇ ಕಮಿಟ್ ಆಗೋ ಹಾಗೆ ಸ್ಕ್ವಾಷ್ ಮಾಡಿದೆ ಅಂತ ಹೇಳಿದ್ದರೆ ಮುಗಿದುಹೋಗ್ತಿತ್ತು. ಬದಲಿಗೆ ಬಾಯಿಂದ ಬಂದದ್ದು, "ಬಹುತೇಕ." ಅಷ್ಟಕ್ಕೇ ಬಾಸ್ ಮ್ಯೂಟ್ ತೆಗೆದು ಒನ್ ಮ್ಯಾನ್ ಆರ್ಮಿ ಅಂತ ಹೊಗಳಿದರು. ನನಗೂ ಒಂದು ಕ್ಷಣ ಹೌದೇನೋ ಅನಿಸಿತು. ನಾಚಿಕೆಗೇಡು.

ಮೆಂಟರ್ ಏನೂ ಅನ್ನಲಿಲ್ಲ. ಸ್ಕ್ರೀನ್ ಶೇರ್ ಮಾಡಿದರು. ಕಟಾವು ದಿನದ ಫೈಲ್, 212ನೇ ಸಾಲು. ಅಲ್ಲೊಂದು ಕಾಮೆಂಟ್, ಕನ್ನಡದಲ್ಲಿ. ಅವರ ಫಾಂಟ್‌ನಲ್ಲಿ ಒತ್ತಕ್ಷರ ಎಲ್ಲ ಕಳಚಿಕೊಂಡು ಪಕ್ಕಕ್ಕೆ ಬಿದ್ದಿದ್ದವು, ಆದರೂ ಓದಬಹುದಿತ್ತು:

"ಕೂಳೆ ಲೆಕ್ಕ ಮುಟ್ಟಬೇಡಿ. ಡೌಟ್ ಇದ್ದರೆ ಮದ್ದೂರಿಗೆ ಬಂದು ನನ್ನ ಕೇಳಿ."

ಇದು ಯಾವ ಭಾಷೆ, ಏನು ಬರೆದಿದೆ ಅಂತ ಕೇಳಿದರು. ನಾನು ಟೀ ಲೋಟ ಕೆಳಗಿಟ್ಟೆ. ಇದನ್ನು ಬದಲಾಯಿಸಬೇಡಿ ಅಂತ ಬರೆದಿದೆ ಅಂದರೆ ಸಾಕಿತ್ತು, ಪೂರ್ತಿ ಸುಳ್ಳೂ ಅಲ್ಲ, ಅವರಿಗೆ ಓದೋಕೂ ಬರಲ್ಲ. ಹಾಗೇ ಹೇಳೋಣ ಅಂತ ಬಾಯಿ ತೆರೆದಿದ್ದೂ ನಿಜ. ಅಷ್ಟರಲ್ಲಿ ಮ್ಯೂಟ್ ಹಾಕೋದು ಮರೆತಿದ್ದ ಬಾಸ್ ಗಟ್ಟಿಯಾಗಿ ಓದಿದರು. "ಮದ್ದೂರಿಗೆ ಬಂದು ನನ್ನ ಕೇಳಿ. ಮದ್ದೂರಲ್ಲಿ ಯಾರಪ್ಪ ಇರೋದು? ನಿಂದು ನಂಜನಗೂಡು ಅಲ್ವಾ?"

ಜರ್ಮನಿಯವರಿಗೆ ಆ ಮಾತು ಅರ್ಥ ಆಗಲಿಲ್ಲ. ಆದರೆ ಅದಾದ ಮೇಲಿನ ಮೌನ ಚೆನ್ನಾಗಿಯೇ ಅರ್ಥ ಆಯಿತು ಅನಿಸುತ್ತೆ. ಪೂರ್ತಿ ಅನುವಾದ ಮಾಡಿ ಹೇಳಿದೆ. ಆತ ನಗಲಿಲ್ಲ. ಹಾಗಾದರೆ ಮದ್ದೂರಿನಲ್ಲಿರುವವರ ಸಹಿ ಬೇಕು ಅಂದರು, ಅಷ್ಟೇ.

ಮದ್ದೂರಿನ ಹುಡುಗ ನಮ್ಮಲ್ಲಿ ಎಂಟು ತಿಂಗಳು ಇದ್ದ. ನೌಕರಿ ಅಲ್ಲ, ತಿಂಗಳಿಗೊಂದು ಬಿಲ್ ಕೊಟ್ಟು ದುಡ್ಡು ತಗೊಳ್ತಿದ್ದ ಫ್ರೀಲಾನ್ಸರ್. ಮನೆಯವರು ಕಬ್ಬು ಬೆಳೆಯೋರು, ಹಾಗಾಗಿ ನಮಗ್ಯಾರಿಗೂ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು. ನಾಟಿ ಕಬ್ಬಿಗಿಂತ ಕೂಳೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ, ಬೇಗ ಹಣ್ಣಾಗುತ್ತೆ. ನಾನು ಎರಡಕ್ಕೂ ಒಂದೇ ಲೆಕ್ಕ ಹಾಕಿದ್ದೆ. ಅದನ್ನು ತಿದ್ದಿದವನು ಅವನು. ಕೊನೆಯ ತಿಂಗಳ ಬಿಲ್ ಅಕೌಂಟ್ಸ್‌ನಲ್ಲಿ ಐದು ತಿಂಗಳು ಕೊಳೆಯಿತು. ಅವನು ನನಗೆ ಎರಡು ಸಲ ಮೆಸೇಜ್ ಮಾಡಿದ್ದ. "ಕೇಳ್ತೀನಿ" ಅಂದಿದ್ದೆ. ಕೇಳಿರಲಿಲ್ಲ.

ಬಾಸ್‌ಗೆ ಇದೆಲ್ಲ ದೊಡ್ಡ ವಿಷಯವೇ ಅಲ್ಲ. "ದುಡ್ಡು ಕೊಟ್ಟಿದ್ದೀವಲ್ಲ, ಕೋಡ್ ನಮ್ದೇ." ಕೋರ್ಟ್ ಹತ್ತಿರ ನಮಗೆ ಗೊತ್ತಿರುವ ಒಬ್ಬರು ಲಾಯರ್ ಮೇಡಂ ಇದ್ದಾರೆ, ಅವರು ಈ ನಂಬಿಕೆಯನ್ನು ಹತ್ತು ನಿಮಿಷದಲ್ಲಿ ಪುಡಿ ಮಾಡಿದರು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ನೌಕರ ಕೆಲಸದ ಭಾಗವಾಗಿ ಬರೆದದ್ದು ಕಂಪನಿಯದ್ದು. ಇವನು ನೌಕರನೇ ಅಲ್ಲವಲ್ಲ. ಹಕ್ಕು ವರ್ಗಾವಣೆ ಆಗಬೇಕಂದರೆ 19ನೇ ಸೆಕ್ಷನ್ ಕೇಳೋದು ಬರಹದಲ್ಲಿ ಸಹಿ. ಬಿಲ್ ಸಾಲಲ್ಲ. ನಾನು ಜಾಣತನ ಮಾಡಿ ಲೆಟರ್‌ಹೆಡ್ ಮೇಲೆ ನಾಲ್ಕು ಸಾಲಿನ ಪತ್ರ ಟೈಪ್ ಮಾಡಿಕೊಂಡು ಹೋಗಿದ್ದೆ. ಅದನ್ನೂ ಓದಿದರು. "ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲ, ಹಾಗಾಗಿ ಐದೇ ವರ್ಷ. ಎಲ್ಲಿಗೆ ಅಂತ ಬರೆದಿಲ್ಲ, ಹಾಗಾಗಿ ಇಂಡಿಯಾ ಮಾತ್ರ. ಐದು ವರ್ಷ ಆದಮೇಲೆ ಏನ್ ಮಾಡ್ತೀರಾ, ಕೂಳೆ ಬಿಡ್ತೀರಾ?" ಅಂದರು. ಮೇಡಂ ಮಂಡ್ಯ ಕಡೆಯವರು ಅಂತ ಆಗ ಗೊತ್ತಾಯಿತು.

ಬಿಲ್ ಬಾಕಿ ಮೊದಲೇ ತೀರಿತ್ತು, ಪುಣ್ಯಕ್ಕೆ. ಫೌಂಡೇಶನ್‌ನ ಸಿಎಲ್‌ಎ (ಕೋಡ್ ಬರೆದವರು ಸಹಿ ಹಾಕುವ ಒಪ್ಪಂದ) ಪ್ರಿಂಟ್ ತಗೊಂಡು ಒಂದು ಭಾನುವಾರ ಬೈಕ್ ಹತ್ತಿದೆ. ಹೊಸ ಹೈವೇಯಲ್ಲಿ 2023ರ ಆಗಸ್ಟ್‌ನಿಂದ ಬೈಕ್ ಬಿಡಲ್ಲ. ಸರ್ವಿಸ್ ರೋಡಿನಲ್ಲೇ ಶ್ರೀರಂಗಪಟ್ಟಣ, ಮಂಡ್ಯ ದಾಟಿ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಪ್ರಾಕ್ಟೀಸ್.

ಅವನು ಗದ್ದೆ ಬದುವಿನ ಮೇಲೆ ಕೂತು ಫೋನ್‌ನಲ್ಲಿ ಯಾರದ್ದೋ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯ ಪ್ರಸ್ತಾಪ) ನೋಡುತ್ತಿದ್ದ. ಈಗ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ. "ಬನ್ನಿ ಅಣ್ಣ, ಎಳನೀರು ಕುಡೀತೀರಾ?" ಆಫೀಸಿನಲ್ಲಿ ನಾನು 'ಸಾರ್' ಆಗಿದ್ದೆ. ಅಣ್ಣ ಅಂದದ್ದು ಕೇಳಿ ಪ್ರಾಕ್ಟೀಸ್ ಮಾಡಿದ್ದೆಲ್ಲ ಮರೆತೇ ಹೋಯಿತು.

ಕಾಗದ ಕೊಟ್ಟೆ. ಓದಿದ. ಅಂದರೆ ನಿಜವಾಗಿಯೂ ಓದಿದ, ಬೆರಳಿಟ್ಟು, ಒಂದೊಂದೇ ಸಾಲು, ಎರಡನೇ ಪುಟದಿಂದ ಮೊದಲನೇ ಪುಟಕ್ಕೆ ವಾಪಸ್ ಹೋಗಿ. ಪಂಪ್‌ಸೆಟ್ ಓಡುತ್ತಿತ್ತು. ನಾನು ಎಳನೀರಿನ ಸ್ಟ್ರಾ ಕಚ್ಚಿಕೊಂಡು ಕೂತಿದ್ದೆ. ಇಷ್ಟು ಹೊತ್ತು ನಾನು ಈ ಫಾರಂ ಓದಿಲ್ಲವಲ್ಲ ಅನ್ನೋದು ಆಗ ಹೊಳೆಯಿತು.

"ಇದ್ರಲ್ಲಿ ಕಾಪಿರೈಟ್ ನಂದೇ ಇರ್ತದೆ, ಬಳಸೋಕೆ ಲೈಸೆನ್ಸ್ ಮಾತ್ರ ಕೊಡೋದು, ಅಲ್ವಾ?"

"ಹೂಂ."

"ಸರಿ. ನನ್ನ ಹೆಸರು ಎಲ್ಲಿ ಬರ್ತದೆ?"

"ಕೊನೇ ಪುಟ, ಸಹಿ ಪಕ್ಕ."

"ಅದಲ್ಲ ಅಣ್ಣ. ರೆಪೊದಲ್ಲಿ."

ಲ್ಯಾಪ್‌ಟಾಪ್ ತೆಗೆಯದೇ ಬೇರೆ ದಾರಿ ಇರಲಿಲ್ಲ. ಒಂದೇ ಕಮಿಟ್, ನನ್ನ ಹೆಸರು. ಅಷ್ಟರಲ್ಲಿ ಕರೆಂಟ್ ಹೋಗಿ ಪಂಪ್‌ಸೆಟ್ ನಿಂತಿತು. ಅಷ್ಟು ನಿಶ್ಶಬ್ದದಲ್ಲಿ ಅವನು ಸ್ಕ್ರೀನ್ ನೋಡುತ್ತಿದ್ದ. ಬೈದಿದ್ದರೆ ಚೆನ್ನಾಗಿರ್ತಿತ್ತು. ಕಾಗದ ಮಡಚಿ ನನ್ನ ಕೈಗೇ ಕೊಟ್ಟ. "ಹಳೇ ಹಿಸ್ಟರಿ ತಕ್ಕೊಂಡ್ ಬನ್ನಿ, ಹಾಕ್ತೀನಿ" ಅಂದ.

ಬರಿಗೈಲಿ ವಾಪಸ್.

ಹಳೇ ಹಿಸ್ಟರಿ ಎಲ್ಲಿತ್ತು? ಆಫೀಸಿನ ಪ್ಯಾಂಟ್ರಿಯಲ್ಲಿ, ವಾಟರ್ ಫಿಲ್ಟರ್ ಹಿಂದೆ, ಯಾರೂ ಆರಿಸಲು ಧೈರ್ಯ ಮಾಡದೆ ಬಿಟ್ಟಿದ್ದ ಹಳೇ ಗಿಟ್‌ಲ್ಯಾಬ್ ಸರ್ವರ್‌ನಲ್ಲಿ. ಕ್ಲೌಡ್‌ಗೆ ಹೋಗಬೇಕು ಅಂತ ಮ್ಯಾನೇಜ್‌ಮೆಂಟ್ ವರ್ಷಕ್ಕೆರಡು ಸಲ ಹೇಳಿ ಸುಮ್ಮನಾಗುತ್ತಿದ್ದರಿಂದ ಅದು ಬದುಕಿತ್ತು. ಅವರ ಸೋಮಾರಿತನಕ್ಕೆ ಕೈ ಮುಗಿದ ಒಂದೇ ದಿನ ಅದು. ಪಾಸ್‌ವರ್ಡ್ ಮತ್ತು ರೈತರ ಪಟ್ಟಿ ಇದ್ದದ್ದು ನಾಲ್ಕೇ ಫೈಲಿನಲ್ಲಿ. ಗಿಟ್ ಫಿಲ್ಟರ್‌ರೆಪೊ ಅನ್ನೋ ಟೂಲ್ ಓಡಿಸಿ ಅವನ್ನಷ್ಟೇ ಹಿಸ್ಟರಿಯಿಂದ ಕಿತ್ತು ಹಾಕಲು ಒಂದು ಮಧ್ಯಾಹ್ನ ಸಾಕಾಯಿತು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡಿದ್ದೆ ನಾನು.

ಒಟ್ಟು ಒಂಬತ್ತು ಹೆಸರು ಸಿಕ್ಕವು. ಐದು ಜನ ನಮ್ಮವರೇ. ಮೂರು ಜನ ಬಿಟ್ಟು ಹೋದವರು, ಅವರನ್ನು ಹುಡುಕಿ ಸಹಿ ತಗೊಂಡೆ, ಮದ್ದೂರಿನದ್ದೂ ಸೇರಿ. ಈ ಸಲ ಅವನು ಓದಲಿಲ್ಲ, ಕಮಿಟ್ ಲಾಗ್ ಸ್ಕ್ರಾಲ್ ಮಾಡಿ ನೋಡಿ ಸಹಿ ಹಾಕಿದ. ಒಬ್ಬರು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಅವರ 60 ಸಾಲನ್ನು ತೆಗೆದು, ಅದನ್ನು ಒಮ್ಮೆಯೂ ನೋಡಿರದ ಹುಡುಗಿಯೊಬ್ಬಳ ಕೈಲಿ ಹೊಸದಾಗಿ ಬರೆಸಿದೆವು. ಹಳೆಯದಕ್ಕಿಂತ ಚೆನ್ನಾಗೇ ಇದೆ.

ಮೆಂಟರ್‌ಗೆ ಉದ್ದನೆಯ ಮೇಲ್ ಬರೆದೆ, 'ಬಹುತೇಕ' ಅಂದದ್ದಕ್ಕೂ ಸೇರಿಸಿ. ಒಂದೇ ಸಾಲಿನ ಉತ್ತರ ಬಂತು, ಥ್ಯಾಂಕ್ಸ್, ಈಗ ವೋಟಿಗೆ ಹಾಕ್ತೀನಿ ಅಂತ. ವೋಟ್ 72 ಗಂಟೆ ತೆರೆದಿತ್ತು. ಆ ಮೂರು ದಿನ ನಾನು ಫೋನ್ ಹಿಡಿದುಕೊಂಡೇ ಮಲಗಿದ್ದೆ. ಬಾಸ್ ದಿನಕ್ಕೆರಡು ಸಲ "ರಿಸಲ್ಟ್ ಬಂತಾ?" ಅಂತ, ಪಿಯುಸಿ ಮಗನ ಅಪ್ಪನ ಥರ. ಬಂತು. ಕೆಲಸ ಶುರು ಮಾಡಿ ಆರು ತಿಂಗಳ ಮೇಲೆ. ಲೋಗೋ ಹಾಕೋಕೆ ಫೌಂಡೇಶನ್ ಬ್ರ್ಯಾಂಡಿಂಗ್ ನಿಯಮ ಹನ್ನೆರಡಿವೆ ಅಂತ ತಿಳಿದಾಗ ಬಾಸ್ ಮುಖ ನೋಡಬೇಕಿತ್ತು.

ಮೊದಲ ಕಮಿಟರ್‌ಗಳ (ಕೋಡ್ ಸೇರಿಸುವ ಹಕ್ಕಿರುವವರು) ಪಟ್ಟಿಯಲ್ಲಿ ಮದ್ದೂರಿನವನೂ ಇದ್ದಾನೆ. ಕಮಿಟರ್ ಅಂದರೆ ಕಾರಣ ಕೊಟ್ಟು ಮೈನಸ್ ಒನ್ (ಬೇಡ ಅನ್ನೋ ವೋಟ್) ಹಾಕಿದರೆ ಆ ಬದಲಾವಣೆ ನಿಂತಂತೆ, ಕಂಪನಿ ಯಾವುದು, ಲೀಡ್ ಯಾರು ಅಂತ ನೋಡಲ್ಲ. ಕಳೆದ ತಿಂಗಳು ಕಟಾವು ದಿನದ ಫೈಲ್ ಸ್ವಲ್ಪ ಕ್ಲೀನ್ ಮಾಡೋಣ ಅಂತ ಒಂದು ಪುಲ್ ರಿಕ್ವೆಸ್ಟ್ ಹಾಕಿದೆ. ಇಪ್ಪತ್ತು ನಿಮಿಷದಲ್ಲಿ ಮೈನಸ್ ಒನ್ ಬಿತ್ತು. ಎರಡನೇ ಕೂಳೆಗೆ ದಿನ ಹೇಗೆ ತಪ್ಪುತ್ತೆ ಅಂತ ಇಂಗ್ಲಿಷಿನಲ್ಲಿ ನೀಟಾಗಿ ಮೂರು ಪ್ಯಾರಾ. ಕೆಳಗೆ ಕನ್ನಡದಲ್ಲಿ ಒಂದು ಸಾಲು: "212 ಓದಿಲ್ವಾ ಅಣ್ಣ?"

ಪುಲ್ ರಿಕ್ವೆಸ್ಟ್ ಇನ್ನೂ ಹಾಗೇ ಇದೆ. ಈ ಭಾನುವಾರ ಮದ್ದೂರಿಗೆ ಹೋಗ್ತಿದ್ದೀನಿ.