ಬ್ಲೂ, ಬ್ರೌನ್, ರೆಡ್: ಕನ್ನಡ ಟೈಪ್ ಮಾಡಲು ಯಾವ ಸ್ವಿಚ್?

"ಅಕ್ಕಾ, ಮೆಕ್ಯಾನಿಕಲ್ ಕೀಬೋರ್ಡ್ ತೆಗೊಳ್ಳಬೇಕು ಅಂತ ಉಂಟು. ಬ್ಲೂ ಒಳ್ಳೆದಾ, ರೆಡ್ ಒಳ್ಳೆದಾ?" ನಾನು ಉಡುಪಿಯಲ್ಲಿ ಕೂತು ದಿನವಿಡೀ ಕನ್ನಡ ಟೈಪ್ ಮಾಡುವವಳು ಅಂತ ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಯ ಅಡಿಯಲ್ಲೂ ಸ್ಪ್ರಿಂಗ್ ಇರುವ ಒಂದೊಂದು ಸ್ವಿಚ್ ಉಂಟು; ಬ್ಲೂ, ಬ್ರೌನ್, ರೆಡ್ ಅಂದರೆ ಆ ಸ್ವಿಚ್ಚಿನ ಬಗೆಗಳು. ನನ್ನ ಉತ್ತರ: ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಕೀಲಿಮಣೆಯಲ್ಲಿ ಟೈಪ್ ಮಾಡುವವರಾದರೆ ಹಗುರ ಸ್ವಿಚ್ ತೆಗೊಳ್ಳಿ. ರೆಡ್, ಇಲ್ಲವಾದರೆ ಬ್ರೌನ್. ಶಬ್ದದ ವಿಚಾರ ಆಮೇಲೆ.

ಈ ಬಣ್ಣಗಳು ಬಂದದ್ದು ಜರ್ಮನಿಯ ಚೆರ್ರಿ ಕಂಪನಿಯಿಂದ. 1980ರ ದಶಕದಲ್ಲಿ ಅವರು ಎಂಎಕ್ಸ್ ಅನ್ನುವ ಸ್ವಿಚ್ ತಂದರು. ಕೀ ಒತ್ತಿದಾಗ ಕೆಳಗಿಳಿಯುವ ಪ್ಲಾಸ್ಟಿಕ್ ತುಂಡಿನ ಬಣ್ಣವೇ ಸ್ವಿಚ್ಚಿನ ಹೆಸರಾಯಿತು. ಪೇಟೆಂಟ್ ಅವಧಿ ಮುಗಿದ ಮೇಲೆ ಗೇಟೆರಾನ್, ಔಟೆಮು ಮುಂತಾದ ಚೀನಾ ಕಂಪನಿಗಳೂ ಅದೇ ಮಾದರಿ, ಹೆಚ್ಚುಕಮ್ಮಿ ಅದೇ ಬಣ್ಣ ಇಟ್ಟುಕೊಂಡವು. ರೆಡ್ ಯಾವ ತಡೆಯೂ ಇಲ್ಲದೆ ನೇರ ಇಳಿಯುತ್ತದೆ. ಬ್ರೌನ್‌ನಲ್ಲಿ ನಡುವೆ ಒಂದು ಸಣ್ಣ ಉಬ್ಬು ಬೆರಳಿಗೆ ತಾಗುತ್ತದೆ. ಬ್ಲೂನಲ್ಲಿ ಆ ಉಬ್ಬಿನ ಜೊತೆ ಟಿಕ್ ಅನ್ನುವ ಶಬ್ದವೂ ಉಂಟು. ಬ್ಲ್ಯಾಕ್ ಅಂದರೆ ಗಟ್ಟಿ ಸ್ಪ್ರಿಂಗ್ ಹಾಕಿದ ರೆಡ್, ಅಷ್ಟೆ.

ಚೆರ್ರಿ ರೆಡ್ ಕೆಲಸ ಮಾಡಲು ಸುಮಾರು 45 ಗ್ರಾಂ ಭಾರ ಸಾಕು. ಬ್ರೌನ್‌ನ ಉಬ್ಬು ದಾಟಲು 55, ಬ್ಲೂಗೆ 60. ಹತ್ತು ರೂಪಾಯಿ ನಾಣ್ಯದ ತೂಕ 7.71 ಗ್ರಾಂ. ಹಾಗಾಗಿ ರೆಡ್ ಅಂದರೆ ಆರು ನಾಣ್ಯ, ಬ್ಲೂ ಅಂದರೆ ಎಂಟು. ಎರಡು ನಾಣ್ಯಕ್ಕೆ ಇಷ್ಟು ದೊಡ್ಡ ಮಾತಾ ಅಂತ ಕೇಳಬಹುದು. ತೋರುಬೆರಳಿಗಾದರೆ ಅದು ಏನೂ ಅಲ್ಲ. ಕಿರುಬೆರಳಿಗೆ ಹಾಗಲ್ಲ.

ಇಂಗ್ಲಿಷಿನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯದ ಮೊದಲಿಗೆ, ಹೆಸರುಗಳಿಗೆ. ಕನ್ನಡದಲ್ಲಿ ಹಾಗಲ್ಲ. ನಾವು ನುಡಿಯಲ್ಲಿ ಬಳಸುವ ವಿನ್ಯಾಸದ ಮೂಲ ನಮ್ಮವರೇ ಆದ ಕೆ. ಪಿ. ರಾವ್ ಅವರದು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಕೀಗಳು ಸಾಕಾಗದ ಕಡೆ ಅವರು ಶಿಫ್ಟ್ ಅನ್ನು ದುಡಿಸಿಕೊಂಡರು: ಕ ಒತ್ತುವ ಕೀಗೆ ಶಿಫ್ಟ್ ಸೇರಿಸಿದರೆ ಖ, ಲ ಇದ್ದದ್ದು ಳ, ನ ಇದ್ದದ್ದು ಣ. ದೀರ್ಘಕ್ಕೂ ಶಿಫ್ಟ್. ಬರೀ "ನಾನು" ಅಂತ ಬರೆಯಲೂ ಒಮ್ಮೆ ಶಿಫ್ಟ್ ಬೇಕು. ಒತ್ತಕ್ಷರಕ್ಕೆ ಎಫ್ ಕೀ. ಈಗ "ಅಣ್ಣ" ಅಂತ ಬರೆದು ನೋಡಿ. ಅ ಆದ ಮೇಲೆ ಶಿಫ್ಟ್ ಹಿಡಿದು ಎನ್, ಶಿಫ್ಟ್ ಬಿಟ್ಟು ಎಫ್, ಮತ್ತೆ ಶಿಫ್ಟ್ ಹಿಡಿದು ಎನ್. ಎರಡಕ್ಷರದ ಪದಕ್ಕೆ ಎಡಗೈಯ ಕಿರುಬೆರಳು ಎರಡು ಸಲ ಹೊರಗೆ ಹೋಗಿ ಬರಬೇಕು.

ಕೀಬೋರ್ಡ್ ವಿಮರ್ಶೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಟೈಪ್ ಮಾಡುವವರು ಬರೆದವು. ಅವರಿಗೆ ಈ ಕಷ್ಟ ಗೊತ್ತಿಲ್ಲ. ದಿನಕ್ಕೆ ಹತ್ತು ಪುಟ ಕನ್ನಡ ಟೈಪ್ ಮಾಡುವವರು ಬ್ಲ್ಯಾಕ್ ತೆಗೊಂಡರೆ ಸಂಜೆಗೆ ಕಿರುಬೆರಳು ಮಾತಾಡುತ್ತದೆ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕನ್ನಡ ಕೀ ವಿನ್ಯಾಸ ಕಲಿತವರಿಗೆ ಈ ಕಾಟ ಕಡಿಮೆ. ಅಲ್ಲಿ ಒತ್ತಿಗೆ ಡಿ ಕೀ, ದೀರ್ಘದ ಚಿಹ್ನೆಗಳಿಗೆ ಶಿಫ್ಟ್ ಬೇಡ.

ಬ್ಲೂ ಬಗ್ಗೆ ಒಂದು ನ್ಯಾಯದ ಮಾತು ಹೇಳಬೇಕು. ಅದರಲ್ಲಿ ಕೀ ಒತ್ತಿಕೊಳ್ಳುವ ಜಾಗ ಬೇರೆ, ಬಿಟ್ಟುಕೊಳ್ಳುವ ಜಾಗ ಅದಕ್ಕಿಂತ ಮೇಲೆ. ಹಾಗಾಗಿ ಒಂದೇ ಕೀಯನ್ನು ಬೇಗ ಬೇಗ ಎರಡು ಸಲ ಒತ್ತುವುದು ಕಷ್ಟ ಅಂತ ದೂರು. ನಮಗೆ ಅದು ಅಷ್ಟಾಗಿ ತಟ್ಟುವುದಿಲ್ಲ. "ಅಕ್ಕ" ಬರೆಯುವಾಗ ಎರಡು ಕ ನಡುವೆ ಎಫ್ ಬಂದೇ ಬರುತ್ತದೆ, ಅಲ್ವಾ? ಆದರೂ ನಾನು ಬ್ಲೂ ಹೇಳುವುದಿಲ್ಲ. ಮಧ್ಯಾಹ್ನ ಮನೆಯಲ್ಲಿ ಮಗು ಮಲಗಿರುತ್ತದೆ, ಮೀಟಿಂಗ್‌ನಲ್ಲಿ ಮೈಕ್ ಆನ್ ಇರುತ್ತದೆ. ಆಟಿ ತಿಂಗಳ ಮಳೆ ತಗಡಿನ ಶೀಟಿಗೆ ಹೊಡೆಯುವಾಗ ಮಾತ್ರ ಯಾರೂ ದೂರುವುದಿಲ್ಲ. ನಮ್ಮ ಪೇಟೆಯ ಅಂಗಡಿಗಳಲ್ಲಿ ಅಗ್ಗದ ಗೇಮಿಂಗ್ ಕೀಬೋರ್ಡ್ ಕೇಳಿದರೆ ಕೈಗೆ ಸಿಗುವುದು ಹೆಚ್ಚಾಗಿ ಬ್ಲೂನೇ. ಸುಮ್ನೆ ತೆಗೊಂಡು ಬರಬೇಡಿ.

ಬ್ರೌನ್ ಅನ್ನು ಬೈಯುವವರು ಜಾಸ್ತಿ. ಉಬ್ಬು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ ಅಂತ. ಅದು ನಿಜವೇ. ಆದರೆ ಸಾದಾ ಕೀಬೋರ್ಡಿನಿಂದ ಬರುವವರಿಗೆ ಆ ಸಣ್ಣ ಸೂಚನೆ ಬೇಕಾಗುತ್ತದೆ. ಸಾದಾ ಕೀಬೋರ್ಡಿನಲ್ಲಿ ಕೀಯ ಅಡಿಯ ರಬ್ಬರ್ ಗುಮ್ಮಟ ಕುಸಿದು ತಳಕ್ಕೆ ತಾಗಿದರೆ ಮಾತ್ರ ಅಕ್ಷರ ಬೀಳುವುದು. ಇಲ್ಲಿ 4 ಮಿಲಿಮೀಟರ್ ದಾರಿಯಲ್ಲಿ 2 ಮಿಲಿಮೀಟರ್ ಇಳಿದರೆ ಸಾಕು. ಹಳೆ ಅಭ್ಯಾಸದಲ್ಲಿ ತಳಕ್ಕೇ ಗುದ್ದುತ್ತಾ ಹೋದರೆ ಯಾವ ಸ್ವಿಚ್ ಹಾಕಿದರೂ ಲಾಭ ಅಷ್ಟಕ್ಕಷ್ಟೆ. ಉಬ್ಬು ದಾಟಿತು, ಇನ್ನು ಬಿಡಬಹುದು ಅಂತ ಬೆರಳಿಗೆ ಕಲಿಸಲು ಬ್ರೌನ್ ಒಳ್ಳೆಯದು. ರೆಡ್‌ಗೆ ಆಮೇಲೆ ಹೋಗಬಹುದು.

ಕರಾವಳಿಯವರು ಮಳೆಗಾಲದ ಬಗ್ಗೆಯೂ ಕೇಳುತ್ತಾರೆ. ತೇವ, ಧೂಳು ಸೇರಿ ಒಳಗಿನ ಲೋಹದ ಕಾಂಟ್ಯಾಕ್ಟ್ ಕೊಳೆಯಾದರೆ ಒಮ್ಮೆ ಒತ್ತಿದ್ದಕ್ಕೆ ಎರಡು ಅಕ್ಷರ ಬೀಳುತ್ತದೆ. ಕೈಲ್ ಕಂಪನಿಯ ಬಾಕ್ಸ್ ಸ್ವಿಚ್‌ಗಳಲ್ಲಿ ಕಾಂಟ್ಯಾಕ್ಟ್ ಪ್ರತ್ಯೇಕವಾಗಿ ಮುಚ್ಚಿಕೊಂಡಿರುತ್ತದೆ, ಧೂಳು-ತೇವ ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಅಯಸ್ಕಾಂತದಿಂದ ನಡೆಯುವ ಹಾಲ್ ಎಫೆಕ್ಟ್ ಸ್ವಿಚ್‌ಗಳಲ್ಲಿ ಲೋಹ ಲೋಹಕ್ಕೆ ತಾಗುವ ಪ್ರಶ್ನೆಯೇ ಇಲ್ಲ. ಆದರೆ ಅವು ಗೇಮ್ ಆಡುವವರಿಗೆ ಅಂತ ಬರುವುದು. ಬರೆಯುವ ಕೆಲಸಕ್ಕೆ ಅಷ್ಟು ದುಡ್ಡು ಹಾಕಬೇಕಾಗಿಲ್ಲ.

ಇನ್ನೂ ಮನಸ್ಸು ಗಟ್ಟಿ ಆಗದಿದ್ದರೆ ಹಾಟ್‌ಸ್ವಾಪ್ ಕೀಬೋರ್ಡ್ ತೆಗೊಳ್ಳಿ. ಬೆಸುಗೆ ಇಲ್ಲದೆ ಸ್ವಿಚ್ ಕಿತ್ತು ಬೇರೆ ಹಾಕಬಹುದು. ನನ್ನದರಲ್ಲಿ ಎರಡು ಶಿಫ್ಟ್‌ಗೂ ಎಫ್‌ಗೂ ರೆಡ್, ಉಳಿದದ್ದೆಲ್ಲ ಬ್ರೌನ್. ಕೊಳ್ಳುವ ಮೊದಲು ಸಾಕೆಟ್ ಮೂರು ಕಾಲಿನದೋ ಐದು ಕಾಲಿನದೋ ನೋಡಿಕೊಳ್ಳಿ. ಐದು ಕಾಲಿನ ಸ್ವಿಚ್ ಮೂರರ ಜಾಗದಲ್ಲಿ ಕೂರುವುದಿಲ್ಲ. ಈಗಾಗಲೇ ತಂದಾಗಿದ್ದರೆ ಬದಿಯ ಎರಡು ಸಣ್ಣ ಪ್ಲಾಸ್ಟಿಕ್ ಕಾಲುಗಳನ್ನು ಕತ್ತರಿಸಿದರಾಯಿತು; ಲೋಹದ ಕಾಲುಗಳಿಗೆ ಮಾತ್ರ ಕೈ ಹಾಕಬೇಡಿ.