ಜೇಮ್ಸ್ ರೂಸ್ ಕಡತ: ಕನ್ನದ ಕೇಸಿನಿಂದ ಗುದ್ದಲಿ ಲೆಕ್ಕದವರೆಗೆ, ಈವರೆಗಿನ ಕೆಲಸ

ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಗಡಿಪಾರಾಗಿ ಅಲ್ಲಿ ರೈತನಾದ ಕೈದಿ ಜೇಮ್ಸ್ ರೂಸ್. ಅವನ ಬದುಕಿನ ಕಡತದ ಈಗಿನ ಸ್ಥಿತಿ ಹೀಗಿದೆ: ಶಿಕ್ಷೆ, ಹಡಗು, ಜಮೀನು ಮಂಜೂರಾತಿ, ಮಾರಾಟ, ಸಾವು ಇವಿಷ್ಟರ ಕಾಲರೇಖೆ ಸಿದ್ಧ. ಹೊಲದ ದುಡಿಮೆಯ ಲೆಕ್ಕವೂ ಮುಗಿದಿದೆ. ಈ ಸಲದ ಬರಹದ ಬಹುಪಾಲು ಅದಕ್ಕೇ ಮೀಸಲು. ಹಾಕ್ಸ್‌ಬರಿ ನದಿಯ ನಕ್ಷೆ ಅರ್ಧ ಆಗಿದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಜೇಮ್ಸ್ ರೂಸ್ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದವನು, ಬೇಸಾಯದಲ್ಲೇ ಬೆಳೆದವನು. ಮನೆಗೆ ಕನ್ನ ಹಾಕಿ ಎರಡು ಬೆಳ್ಳಿ ಗಡಿಯಾರ ಕದ್ದ ಆರೋಪದ ಮೇಲೆ 1782ರ ಜುಲೈಯಲ್ಲಿ ಬಾಡ್ಮಿನ್ ಊರಿನ ಅಸೈಜ್ ನ್ಯಾಯಾಲಯದಲ್ಲಿ (ಊರೂರಿಗೆ ಬರುವ ನ್ಯಾಯಾಧೀಶರು ನಡೆಸುತ್ತಿದ್ದ ನ್ಯಾಯಾಲಯ) ನಿಂತ. ಆಗಿನ ಕಾನೂನಿನಲ್ಲಿ ರಾತ್ರಿ ಹೊತ್ತು ವಾಸದ ಮನೆ ಒಡೆದು ನುಗ್ಗಿದರೆ ಗಲ್ಲು. ಇವನದನ್ನು ಏಳು ವರ್ಷದ ಗಡಿಪಾರಿಗೆ ಇಳಿಸಿದರು. ಗಡಿಪಾರು ಆಫ್ರಿಕಾಕ್ಕೆ ಅಂತ ಬರೆದಿದ್ದರು, ಏಕೆಂದರೆ ಯುದ್ಧದಿಂದಾಗಿ ಅಮೆರಿಕದ ಬಾಗಿಲು ಮುಚ್ಚಿತ್ತು. ಆಫ್ರಿಕಾಕ್ಕೂ ಹೋಗಲಿಲ್ಲ. ಪ್ಲಿಮತ್ ಬಂದರಿನಲ್ಲಿ ಲಂಗರು ಹಾಕಿ ಜೈಲು ಮಾಡಿಕೊಂಡಿದ್ದ ಡಂಕರ್ಕ್ ಎಂಬ ಹಳೇ ಹಡಗಿನಲ್ಲಿ ಕೊಳೆತು, 1787ರ ಮೇ 13ರಂದು ಹೊರಟ ಹನ್ನೊಂದು ಹಡಗುಗಳ ಮೊದಲ ತಂಡದಲ್ಲಿ ಸ್ಕಾರ್ಬರೋ ಹಡಗು ಹತ್ತಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕಾಲೊನಿ ತಲುಪಿದ.

ದಾಖಲೆ ಹುಡುಕುವ ದಾರಿ

ಬ್ರಿಟಿಷ್ ಕೈದಿ ಅಂದ ಕೂಡಲೇ ಎಲ್ಲರೂ ಓಲ್ಡ್ ಬೇಲಿ ನ್ಯಾಯಾಲಯದ ಡೇಟಾಬೇಸ್ ತೆರೆಯುತ್ತಾರೆ. ಅದರಲ್ಲಿರುವುದು ಲಂಡನ್ ಮತ್ತು ಅದರ ಸುತ್ತಿನ ಮೊಕದ್ದಮೆಗಳು. ಕಾರ್ನ್‌ವಾಲ್‌ನವನು ಅಲ್ಲಿ ಸಿಗುವುದಿಲ್ಲ. ಕಾರ್ನ್‌ವಾಲ್ ಪಶ್ಚಿಮ ಸರ್ಕ್ಯೂಟಿಗೆ (ಅಸೈಜ್ ನ್ಯಾಯಾಧೀಶರು ಸುತ್ತುವ ವಲಯ) ಸೇರಿದ್ದು, ಆ ಸರ್ಕ್ಯೂಟಿನ ಜೈಲು ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಾರದಲ್ಲಿ ಅಸಿ 23 ಸರಣಿಯಲ್ಲಿವೆ. ಗಡಿಪಾರು ರಿಜಿಸ್ಟರುಗಳು ಎಚ್‌ಒ 11 ಸರಣಿ, 1787ರಿಂದ ಶುರು. ಇದರಲ್ಲಿ ಹೆಸರು, ಶಿಕ್ಷೆಯಾದ ಊರು, ದಿನಾಂಕ, ಅವಧಿ ಇರುತ್ತವೆ. ಮಾಡಿದ ಅಪರಾಧ ಮಾತ್ರ ಇರುವುದಿಲ್ಲ. ಹಾಗಾಗಿ ಮೊದಲು ಎಚ್‌ಒ 11ರಿಂದ ಊರು, ದಿನಾಂಕ ತೆಗೆದುಕೊಂಡು, ಆಮೇಲೆ ಆ ಊರಿನ ಸರ್ಕ್ಯೂಟ್ ಯಾವುದೆಂದು ನೋಡಿ ಅಸೈಜ್ ಪುಸ್ತಕಕ್ಕೆ ಹೋಗಬೇಕು. ಉಲ್ಟಾ ಹೋದರೆ ದಿನಗಟ್ಟಲೆ ಪುಟ ತಿರುವಬೇಕಾಗುತ್ತದೆ.

ಹೆಸರಿನ ಗೊಂದಲ ಎರಡು ಕಡೆ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡವರು, ಆದ್ದರಿಂದ ರೂಸ್ ಅನ್ನುವುದು ರೌಸ್ ಕೂಡ ಆಗಬಹುದು. ಅದೇ ಕಾಲೊನಿಯಲ್ಲಿ ರಿಚರ್ಡ್ ರೌಸ್ ಅಂತ ಇನ್ನೊಬ್ಬನಿದ್ದ. ಅವನು 1801ರಲ್ಲಿ ಸ್ವತಂತ್ರನಾಗಿ ಬಂದವನು, ರೌಸ್ ಹಿಲ್ ಅನ್ನುವ ಜಾಗ ಅವನ ಹೆಸರಿನದು. ಜಮೀನು ಪಟ್ಟಿಗಳಲ್ಲಿ ಇಬ್ಬರನ್ನೂ ಒಂದೇ ಗೂಡಿಗೆ ಹಾಕಿದ ವಂಶವೃಕ್ಷಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಬಿಡಿಸಿಕೊಳ್ಳುವ ಉಪಾಯ ಸುಲಭ: ಜನಗಣತಿ ಮತ್ತು ಹಾಜರಿ ಪಟ್ಟಿಗಳಲ್ಲಿ (ಸರ್ಕಾರ ಜನರನ್ನು ಕರೆಸಿ ಎಣಿಸಿ ಬರೆದ ಪಟ್ಟಿ) ಬಂದ ಹಡಗಿನ ಹೆಸರು ಇರುತ್ತದೆ, ಅದನ್ನು ತಾಳೆ ನೋಡಿ. ಆದರೆ ಸ್ಕಾರ್ಬರೋ ಎಂದಷ್ಟೇ ಇದ್ದರೆ ಸಾಲದು, ಆ ಹಡಗು 1788ರಲ್ಲೂ ಬಂತು, 1790ರ ಎರಡನೇ ತಂಡದಲ್ಲೂ ಬಂತು. ನಮ್ಮ ಕಡತದಲ್ಲಿ ಹಡಗಿನ ಹೆಸರಿನ ಪಕ್ಕ ಬಂದ ವರ್ಷ ಕಡ್ಡಾಯ.

ತಾರೀಖುಗಳಲ್ಲಿ ಇನ್ನೊಂದು ತೊಡಕು. ರೂಸನಿಗೆ ಜಮೀನು ಸಿಕ್ಕಿದ್ದು ಯಾವಾಗ ಅಂದರೆ ಕೆಲವರು 1789, ಕೆಲವರು 1791, ಕೆಲವರು 1792 ಅನ್ನುತ್ತಾರೆ. ಮೂರೂ ಸರಿ, ಪ್ರಶ್ನೆ ಬೇರೆ ಬೇರೆ. 1789ರ ನವೆಂಬರಿನಲ್ಲಿ ಗವರ್ನರ್ ಆರ್ಥರ್ ಫಿಲಿಪ್ ಸಿಡ್ನಿ ಸಮೀಪದ ಪ್ಯಾರಮಟ್ಟದ ಹತ್ತಿರ ಪ್ರಯೋಗಕ್ಕೆಂದು ಜಾಗ ಬಿಟ್ಟುಕೊಟ್ಟ. 1791ರ ಏಪ್ರಿಲ್‌ನಲ್ಲಿ 30 ಎಕರೆ ಅವನದೇ ಎಂದಾಯಿತು. ಮಂಜೂರಾತಿ ಪತ್ರದ ಮೇಲಿನ ತಾರೀಖು 1792ರ ಫೆಬ್ರವರಿ 22. ಕಾಲರೇಖೆಯಲ್ಲಿ ಮೂರಕ್ಕೂ ಪ್ರತ್ಯೇಕ ಸಾಲು ಮಾಡಿದ್ದೇವೆ.

ಗುದ್ದಲಿ ಲೆಕ್ಕ

ಕಡತದ ನಿಜವಾದ ಜೀವ ಇಲ್ಲಿದೆ. 1790ರ ನವೆಂಬರಿನಲ್ಲಿ ನೌಕಾ ಪದಾತಿ ದಳದ ಅಧಿಕಾರಿ ವಾಟ್ಕಿನ್ ಟೆಂಚ್ ಈ ಹೊಲಕ್ಕೆ ಹೋಗಿ ರೂಸ್ ಬಾಯಿಂದಲೇ ಬೇಸಾಯದ ಕ್ರಮ ಕೇಳಿ ಬರೆದುಕೊಂಡ. ಒಬ್ಬ ಕೈದಿಯ ಕೆಲಸದ ವಿವರ ಇಷ್ಟು ನಿಖರವಾಗಿ ಸಿಗುವುದು ಅಪರೂಪ.

ಆಗ ಒಂದೂವರೆ ಎಕರೆ ಗೋಧಿ, ಅರ್ಧ ಎಕರೆ ಮೆಕ್ಕೆಜೋಳ, ಒಂದು ಸಣ್ಣ ಕೈತೋಟ ಇತ್ತು. ಕ್ರಮ ಹೀಗೆ: ಬಿದ್ದ ಮರ ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸುವುದು, ದಿನಕ್ಕೆ ಎಂಟು, ಹೆಚ್ಚೆಂದರೆ ಒಂಬತ್ತು ರಾಡ್ ಮಾತ್ರ ಗುದ್ದಲಿಯಲ್ಲಿ ಅಗೆಯುವುದು, ಹೆಂಟೆ ಒಡೆದು ಹುಲ್ಲು, ಕಳೆಯನ್ನು ಒಳಗೇ ಹೂಳುವುದು, ಆದಷ್ಟು ದಿನ ಬಿಸಿಲು ಗಾಳಿಗೆ ಬಿಡುವುದು, ಬಿತ್ತನೆಗೆ ಸ್ವಲ್ಪ ಮುಂಚೆ ಇಡೀ ನೆಲವನ್ನು ಇನ್ನೊಮ್ಮೆ ತಿರುವಿ ಹಾಕುವುದು. ಕೊಯ್ಲಾದ ಮೇಲೆ ಮತ್ತೆ ಅಗೆದು, ಹರಗಿ, ಟರ್ನಿಪ್ ಬಿತ್ತುವ ಯೋಜನೆ. ಹುಲ್ಲನ್ನೂ ಕೊಳೆಯುವುದೆಲ್ಲವನ್ನೂ ಗುಂಡಿಗೆ ಹಾಕಿ ಗೊಬ್ಬರ ಮಾಡುವ ಯೋಜನೆಯೂ ಇತ್ತು. ತಿಪ್ಪೆಗುಂಡಿ ಕಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ರಾಡ್ ಅಂದರೆ ಚದರ ರಾಡ್, ಹದಿನಾರೂವರೆ ಅಡಿಯ ಚೌಕ. ಎಕರೆಗೆ 160 ರಾಡ್. ನಮ್ಮ ಎಕರೆಗೆ 40 ಗುಂಟೆ, ಗುಂಟೆ ಅಂದರೆ 33 ಅಡಿ ಚೌಕ. ಅಂದರೆ ನಾಲ್ಕು ರಾಡ್ ಸೇರಿದರೆ ಸರಿಯಾಗಿ ಒಂದು ಗುಂಟೆ. ಹಾಗಾಗಿ ಪಹಣಿ ಓದಲು ಬರುವವರಿಗೆ ಈ ಲೆಕ್ಕ ಬಾಯಲ್ಲೇ ಆಗುತ್ತದೆ: ರೂಸ್ ದಿನಕ್ಕೆ ಅಗೆಯುತ್ತಿದ್ದದ್ದು ಎರಡು ಗುಂಟೆ, ಅಥವಾ ಅದಕ್ಕಿಂತ ಚೂರು ಹೆಚ್ಚು.

ಗೋಧಿಯ ಒಂದೂವರೆ ಎಕರೆ 60 ಗುಂಟೆ, ಒಂದು ಸಲ ಅಗೆಯಲು ಮೂವತ್ತು ದಿನ. ಮೆಕ್ಕೆಜೋಳದ 20 ಗುಂಟೆಗೆ ಹತ್ತು ದಿನ. ಎರಡೂ ಸೇರಿ ಒಂದು ಸುತ್ತಿಗೆ ನಲವತ್ತು ದಿನ. ಬಿತ್ತನೆ ಮುಂಚಿನ ಎರಡನೇ ತಿರುವು ಮಣ್ಣು ಸಡಿಲವಿದ್ದುದರಿಂದ ಬೇಗ ಆದೀತು. ಅದನ್ನು ಅರ್ಧ ಸಮಯ ಎಂದಿಟ್ಟುಕೊಂಡರೂ ಅರವತ್ತು ದಿನ ಬರೀ ಅಗೆತ. ಮರ ಸುಡುವುದು, ಬೇರು ಕೀಳುವುದು ಇದರಲ್ಲಿ ಸೇರಿಲ್ಲ. ಈಗ ಪತ್ರದಲ್ಲಿರುವ 30 ಎಕರೆಗೆ ಇದೇ ದರ ಹಚ್ಚಿ ನೋಡಿ: 1200 ಗುಂಟೆ, ಒಂದು ಸುತ್ತಿಗೆ 600 ದಿನ. ಗುದ್ದಲಿಯೊಂದರಿಂದ ಆಗುವ ಮಾತಲ್ಲ. ಮಣ್ಣು ಸಾಧಾರಣ, ದನ ಇಲ್ಲದಿದ್ದರೆ ಸೋಲುತ್ತದೆ ಎಂದು ರೂಸ್ ಟೆಂಚ್‌ಗೆ ಹೇಳಿದ್ದು ಸುಮ್ಮನೆ ಅಲ್ಲ. ಕಾಲೊನಿ ತಂದಿದ್ದ ನಾಲ್ಕಾರು ದನಗಳು 1788ರಲ್ಲೇ ಕಾಡು ಸೇರಿದ್ದವು; ಅವುಗಳ ಮಂದೆ ಸಿಕ್ಕಿದ್ದು 1795ರಲ್ಲಿ. ನೇಗಿಲಿಲ್ಲ, ಎತ್ತಿಲ್ಲ, ಸಗಣಿಯಿಲ್ಲ.

ಇದನ್ನು ಹೊಟ್ಟೆಯ ಲೆಕ್ಕದ ಜೊತೆ ಇಟ್ಟು ನೋಡಬೇಕು. ಸಾಮಾನು ತರುತ್ತಿದ್ದ ಗಾರ್ಡಿಯನ್ ಹಡಗು 1789ರ ಡಿಸೆಂಬರಿನಲ್ಲಿ ಹಿಮಗಡ್ಡೆಗೆ ಬಡಿಯಿತು, ಸಿರಿಯಸ್ ಹಡಗು 1790ರ ಮಾರ್ಚ್‌ನಲ್ಲಿ ನಾರ್ಫೋಕ್ ದ್ವೀಪದಲ್ಲಿ ಒಡೆಯಿತು. ಏಪ್ರಿಲ್ ಹೊತ್ತಿಗೆ ಒಬ್ಬರಿಗೆ ವಾರದ ಪಡಿ ಎರಡೂವರೆ ಪೌಂಡ್ ಹಿಟ್ಟು, ಎರಡು ಪೌಂಡ್ ಅಕ್ಕಿ, ಎರಡು ಪೌಂಡ್ ಉಪ್ಪು ಹಾಕಿದ ಹಂದಿಮಾಂಸ. ದಿನಕ್ಕೆ ಹಂಚಿದರೆ ಹಿಟ್ಟು ಸುಮಾರು 160 ಗ್ರಾಂ, ಅಕ್ಕಿ 130 ಗ್ರಾಂ. ಅಕ್ಕಿಯೂ ಹುಳ ಬಿದ್ದದ್ದು. ಇದನ್ನು ತಿಂದು ದಿನಕ್ಕೆ ಎರಡು ಗುಂಟೆ ಅಗೆಯಬೇಕು. ಸರ್ಕಾರಿ ಹೊಲದಲ್ಲಿ ನೆಲ ಕೆರೆದು ಬಿಟ್ಟಂತೆ ಅಗೆಯುತ್ತಿದ್ದರು ಎಂದು ರೂಸ್ ದೂರುತ್ತಾನೆ. ಈ ಪಡಿ ನೋಡಿದರೆ ಆ ಕೈದಿಗಳನ್ನು ಸೋಮಾರಿಗಳು ಅನ್ನಲು ನಮಗೆ ಮನಸ್ಸು ಬರುವುದಿಲ್ಲ. ಅಲ್ಲಿ ಅಗೆದವನಿಗೆ ಬೆಳೆಯಲ್ಲಿ ಪಾಲಿರಲಿಲ್ಲ, ಇವನಿಗೆ ಜಮೀನು ಸಿಗುವ ಆಸೆಯಿತ್ತು.

ಸಹಾಯಕ್ಕೆ ಇದ್ದವಳು ಹೆಂಡತಿ ಎಲಿಜಬೆತ್ ಪೆರಿ. ಅವಳೂ ಕೈದಿಯೇ, 1790ರ ಜೂನಿನಲ್ಲಿ ಲೇಡಿ ಜೂಲಿಯಾನಾ ಹಡಗಿನಲ್ಲಿ ಬಂದವಳು, ಸೆಪ್ಟೆಂಬರಿನಲ್ಲಿ ಮದುವೆ. ಗವರ್ನರ್ ಕೊಟ್ಟಿದ್ದ ಒಬ್ಬ ಆಳನ್ನು ವಾಪಸ್ ಕರೆಸಿಕೊಂಡಿದ್ದರು. ರೂಸ್‌ನ ದೊಡ್ಡ ಗೋಳು ಮಾತ್ರ ಕಳ್ಳರದು: ಎಷ್ಟು ಕಾದರೂ ಹೆಚ್ಚುಕಡಿಮೆ ದಿನಾ ರಾತ್ರಿ ಹೊಲಕ್ಕೆ ನುಗ್ಗುತ್ತಾರಂತೆ. ಕನ್ನ ಹಾಕಿ ಬಂದವನ ಬಾಯಲ್ಲಿ ಈ ಮಾತು! 1791ರ ಫೆಬ್ರವರಿಗೆ ಸರ್ಕಾರಿ ಉಗ್ರಾಣದ ಪಡಿ ಇನ್ನು ಬೇಡ ಎನ್ನುವ ಮಟ್ಟಕ್ಕೆ ಬಂದ.

ಋತು ಗಮನಿಸಿ: ಅಲ್ಲಿ ಜುಲೈ ಚಳಿಗಾಲ, ನವೆಂಬರಿನಲ್ಲಿ ಗೋಧಿ ತೆನೆಯಲ್ಲಿರುತ್ತದೆ. ಕಾಲರೇಖೆಗೆ ಋತುವಿನ ಪಟ್ಟಿಯನ್ನು ಪ್ರತ್ಯೇಕ ಬಣ್ಣದಲ್ಲಿ ಹಾಕದಿದ್ದರೆ ಓದುವವರು ಎಡವುತ್ತಾರೆ.

ಮಾರಾಟ, ಹಾಕ್ಸ್‌ಬರಿ, ಕಲ್ಲು

1793ರ ಅಕ್ಟೋಬರಿನಲ್ಲಿ ರೂಸ್ ಜಮೀನನ್ನು ವೈದ್ಯ ಜಾನ್ ಹ್ಯಾರಿಸ್‌ಗೆ 40 ಪೌಂಡಿಗೆ ಮಾರಿದ. ಈಗ ಆ ಜಾಗದಲ್ಲಿರುವ ಎಕ್ಸ್‌ಪೆರಿಮೆಂಟ್ ಫಾರ್ಮ್ ಕಾಟೇಜ್ ಫೋಟೋ ಹಾಕಿ ರೂಸ್ ಮನೆ ಎಂದು ಬರೆಯಬೇಡಿ. ಅದು ಹ್ಯಾರಿಸ್ ಕಟ್ಟಿಸಿದ್ದು, ದಶಕಗಳ ನಂತರದ್ದು. ಪಕ್ಕದ ಹ್ಯಾರಿಸ್ ಪಾರ್ಕ್ ಬಡಾವಣೆಗೆ ಹೆಸರು ಬಂದದ್ದೂ ಅವನಿಂದಲೇ. ಸಿಡ್ನಿಯ ಕನ್ನಡಿಗರಿಗೆ ಅದು ದೋಸೆ, ದಿನಸಿಗೆ ಹೋಗುವ ಜಾಗ. ನಡೆದು ಹೋಗುವಷ್ಟು ದೂರದಲ್ಲಿ ಈ ಹೊಲವಿತ್ತು.

1794ರ ಆರಂಭದಲ್ಲಿ ಹಾಕ್ಸ್‌ಬರಿ ನದಿ ದಂಡೆಗೆ ಮೊದಲು ಹೋದ 22 ಮಂದಿಯಲ್ಲಿ ರೂಸ್ ಒಬ್ಬ. ಅಲ್ಲಿನದು ನೆರೆ ತಂದು ಹಾಕಿದ ಮೆಕ್ಕಲು ಮಣ್ಣು. ಗೊಬ್ಬರ ಬೇಕಿಲ್ಲ, ಆದರೆ ನೆರೆ ಮತ್ತೆ ಬರುತ್ತದೆ. 1806ರ ಪ್ರವಾಹ ಕಾಲೊನಿಯ ಧಾನ್ಯದ ದೊಡ್ಡ ಪಾಲನ್ನೇ ಕೊಚ್ಚಿಕೊಂಡು ಹೋಯಿತು. ಆ ದಂಡೆಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ದಾರುಗ್ ಜನ ಗೆಡ್ಡೆ ಅಗೆದು ತಿನ್ನುತ್ತಿದ್ದರು. ಗೆಡ್ಡೆ ಇದ್ದ ಕಡೆಯೆಲ್ಲ ಮೆಕ್ಕೆಜೋಳ ಬಂದು ವರ್ಷಗಟ್ಟಲೆ ಕಾದಾಟ ನಡೆಯಿತು. ನಕ್ಷೆಯಲ್ಲಿ ನೆರೆ ಮಟ್ಟದ ಗೆರೆಯನ್ನೂ ದಾರುಗ್ ನೆಲೆಗಳನ್ನೂ ಜಮೀನು ಗೆರೆಗಳ ಕೆಳಗಿನ ಪದರದಲ್ಲಿ ಇಡುತ್ತಿದ್ದೇವೆ. ಮೇಲಿಟ್ಟರೆ ಹಿಸ್ಸೆ ಗೆರೆಗಳು ಮುಚ್ಚಿಹೋಗುತ್ತವೆ.

1828ರ ಜನಗಣತಿಯಲ್ಲಿ ರೂಸ್ ಲೋವರ್ ಮಿಂಟೊದಲ್ಲಿ ಬೇರೆಯವರ ಜಮೀನಿನ ಮೇಸ್ತ್ರಿ. 1837ರ ಸೆಪ್ಟೆಂಬರ್ 5ರಂದು ಸತ್ತ, ಸಮಾಧಿ ಕ್ಯಾಂಪ್‌ಬೆಲ್‌ಟೌನ್‌ನಲ್ಲಿ. ಕಲ್ಲನ್ನು ತಾನೇ ಕೆತ್ತಿಕೊಂಡನೆಂಬ ಮಾತಿದೆ, ಈ ಕಾಲೊನಿಯಲ್ಲಿ ಮೊದಲ ಧಾನ್ಯ ಬಿತ್ತಿದವನು ನಾನು ಎಂಬ ಸಾಲು ಅದರಲ್ಲಿದೆ. ಸತ್ತ ತಾರೀಖಿನ ಸಾಲನ್ನಂತೂ ಬೇರೆಯವರೇ ಕೆತ್ತಿರಬೇಕು, ಆದ್ದರಿಂದ ಅಕ್ಷರಗಳ ಎತ್ತರ, ಆಳವನ್ನು ಸಾಲು ಸಾಲಾಗಿ ಹೋಲಿಸುವ ಕೆಲಸ ಪಟ್ಟಿಯಲ್ಲಿದೆ. ನಕಲು ಮಾಡುವಾಗ ಕಲ್ಲಿನ ಕಾಗುಣಿತ ತಿದ್ದಬೇಡಿ, ತಪ್ಪು ಇದ್ದ ಹಾಗೇ ಇರಲಿ. ಸಮಾಧಿಯ ಮೇಲೆ ಈಗ ನಿಂತಿರುವುದು ಪ್ರತಿಕೃತಿ. ಮೂಲ ಕಲ್ಲನ್ನು ಅದೇ ಊರಿನಲ್ಲಿ ಒಳಗೆ ತೆಗೆದಿಟ್ಟಿದ್ದಾರೆ, ಫೋಟೋ ಅಳತೆಗೆ ಅದನ್ನೇ ಬಳಸಬೇಕು.

ಮುಂದಿನ ಸರದಿ 1794ರ ನಂತರದ ಹಾಜರಿ ಪಟ್ಟಿಗಳದ್ದು: ಪ್ರತಿ ಪಟ್ಟಿಯಿಂದ ಬಿತ್ತಿದ ಎಕರೆ, ಹಂದಿ, ದನ ಇಷ್ಟನ್ನೇ ತೆಗೆದು ಗುಂಟೆಗೆ ಇಳಿಸಿ, 1790ರ ಎರಡು ಎಕರೆಯ ಪಕ್ಕದ ಕಾಲಂಗೆ ಹಾಕುವುದು.