ಸೆಲ್ಫ್ ತಿರುಗದಿದ್ದರೆ ಬ್ಯಾಟರಿ ಬದಲಿಸುವ ಮುಂಚೆ ಅರ್ಥ್ ನೋಡಿ

ಚಾವಿ ತಿರುವಿದರೆ ಸೆಲ್ಫ್ (ಇಂಜಿನ್ ತಿರುವಿ ಸ್ಟಾರ್ಟ್ ಮಾಡುವ ಮೋಟಾರ್) ತಿರುಗದೆ ‘ಟಕ್’ ಅಂತ ಒಂದೇ ಸದ್ದು, ಆಮೇಲೆ ಗಾಡಿ ಗಪ್‌ಚಿಪ್. ರಾಯಚೂರು ಕಡೆ ಇದಾದ ಕೂಡಲೇ ಬರುವ ಮಾತು ‘ಬ್ಯಾಟರಿ ಹೋತು, ಹೊಸದು ಹಾಕಿಸ್ರಿ’. ಸಾವಿರಾರು ರೂಪಾಯಿ ಸುರಿದು ಹೊಸದು ಕೂಡಿಸಿದ ಮೇಲೂ ಅದೇ ‘ಟಕ್’ ಕೇಳಬಹುದು. ಸಾದಾ ಮಲ್ಟಿಮೀಟರ್ (ವೋಲ್ಟ್, ತಡೆ ಅಳೆಯುವ ಸಣ್ಣ ಮೀಟರ್) ಒಂದಿದ್ದರೆ ಆ ದುಡ್ಡು ಉಳಿಯುತ್ತದೆ.

ಮೊದಲು ಕಿವಿಗೊಡಿ. ಕಟಕಟ ಬಡಿದುಕೊಂಡು ದೀಪ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಒಂದೇ ‘ಟಕ್’, ದೀಪ ಮಾತ್ರ ಝಗಝಗ ಅಂದರೆ ಅನುಮಾನ ಇಂಜಿನ್ ಅರ್ಥ್ (ಬ್ಯಾಟರಿಯ ನೆಗೆಟಿವ್‌ಗೂ ಇಂಜಿನ್ನಿಗೂ ಇರುವ ಜೋಡಣೆ) ಮೇಲೆ, ಆಮೇಲೆ ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಕಾಂಟ್ಯಾಕ್ಟ್, ಸೆಲ್ಫಿನೊಳಗಿನ ಕಾರ್ಬನ್ ಬ್ರಷ್. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಚಾವಿ ಸ್ವಿಚ್. ಟ್ರ್ಯಾಕ್ಟರಾದರೆ ಕ್ಲಚ್ ಒತ್ತದೆ, ಗೇರ್ ನ್ಯೂಟ್ರಲ್ಲಿಗೆ ಬಾರದೆ ಸೆಲ್ಫ್ ತಿರುಗದಂತೆ ತಡೆಯುವ ಕ್ಲಚ್, ನ್ಯೂಟ್ರಲ್ ಸ್ವಿಚ್ಚುಗಳೂ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ತೀರ್ಮಾನ ಆಮೇಲೆ. ತುಂಬಿದ ಬ್ಯಾಟರಿಯೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕುಸಿದರೆ ಅದರ ಆಯಸ್ಸು ಮುಗಿದಿರಬಹುದು. 11ರ ಮೇಲೆಯೇ ನಿಂತು ಸೆಲ್ಫ್ ತಿರುಗದಿದ್ದರೆ ತಪ್ಪು ಬ್ಯಾಟರಿಯದಲ್ಲ, ಕರೆಂಟ್ ಹರಿಯುವ ದಾರಿಯದು, ಇಲ್ಲವೇ ಸೆಲ್ಫಿನದು.

ಆ ದಾರಿಯ ತಡೆಯನ್ನು ಮೀಟರಿನ ಓಮ್ಸ್‌ನಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಒಂದೇ ಎಳೆ ಉಳಿದ ತಂತಿಯೂ ಮೀಟರಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ 200 ಆಂಪಿಯರ್ ಎಳೆಯುವ ಸೆಲ್ಫಿಗೆ 0.01 ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಅದಕ್ಕೇ ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಗೂಟಕ್ಕೇ ಒತ್ತಿ (ಕ್ಲಾಂಪಿಗಲ್ಲ), ಇನ್ನೊಂದನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ. ಇನ್ನೊಬ್ಬರು ಚಾವಿಯನ್ನು ಸ್ಟಾರ್ಟಿಗೆ ತಿರುವಿ ಹಿಡಿದಿರಲಿ. 0.2 ಬಂದರೆ ಚಿಂತೆಯಿಲ್ಲ, 0.5 ದಾಟಿದರೆ ಅರ್ಥ್ ಕೆಟ್ಟಿದೆ. ಪಾಸಿಟಿವ್ ಗೂಟದಿಂದ ಸೆಲ್ಫಿನ ದಪ್ಪ ಬೋಲ್ಟಿಗೂ ಹೀಗೇ ನೋಡಿ, 0.5ರ ಒಳಗಿರಬೇಕು. ಎರಡೂ ಕಡೆ ಸೊನ್ನೆಯ ಹತ್ತಿರವಿದ್ದು ‘ಟಕ್’ ಮಾತ್ರ ಬಂದರೆ ಕರೆಂಟೇ ಹರಿಯುತ್ತಿಲ್ಲ ಅಂತ ಅರ್ಥ, ಸೆಲ್ಫ್ ಬಿಚ್ಚಬೇಕು.

ಅರ್ಥ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಯಲ್ಲಿ ಕೆಂಪು ದೂಳು, ಸಿಂಧನೂರು ಗದ್ದೆಗೆ ಇಳಿಯುವ ಟ್ರ್ಯಾಕ್ಟರಿನಲ್ಲಿ ಕರಿಮಣ್ಣು, ಅದರಡಿ ತುಕ್ಕು. ಲೋಹ ಹೊಳೆಯುವವರೆಗೆ ಎಮರಿ ಪೇಪರಿನಿಂದ ತಿಕ್ಕಿ, ಬಿಗಿದು, ಆಮೇಲೆ ಮೇಲಿಂದ ಗ್ರೀಸ್. ಬ್ಯಾಟರಿಯಲ್ಲಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ಇಲ್ಲದಿದ್ದರೆ ಪಾನಾ ಗಾಡಿಯ ಲೋಹಕ್ಕೆ ತಾಗಿ ಕಿಡಿ ಹಾರುತ್ತದೆ. ಟರ್ಮಿನಲ್ಲಿನ ಬಿಳಿ-ಹಸಿರು ಬೂಷ್ಟಿಗೆ ಒಂದು ಲೋಟ ಬಿಸಿನೀರಲ್ಲಿ ಒಂದು ಚಮಚ ಅಡುಗೆ ಸೋಡಾ ಸಾಕು, ಮುಚ್ಚಳದೊಳಗೆ ಹನಿಯೂ ಇಳಿಯದಿರಲಿ.

ನಮ್ಮ ಬೇಸಿಗೆಯ ಬಿಸಿಲಿಗೆ ಬ್ಯಾಟರಿ ನೀರು ಬೇಗ ಇಂಗುತ್ತದೆ. ಪ್ಲೇಟಿನ ಮೇಲೆ 10ರಿಂದ 15 ಮಿಲಿಮೀಟರ್ ದ್ರವ ನಿಲ್ಲುವಂತೆ ಡಿಸ್ಟಿಲ್ಡ್ ವಾಟರ್ ಹಾಕಬೇಕು; ಬೋರ್ ನೀರು ಬೇಡವೇ ಬೇಡ, ಅದರ ಲವಣ ಪ್ಲೇಟನ್ನು ತಿನ್ನುತ್ತದೆ.

ಗಂಗಾವತಿ, ಕಾರಟಗಿಯ ಹುಲ್ಲಿನ ಬಣವೆ ಪಕ್ಕ ನಿಂತ ಗಾಡಿಯಾದರೆ ವೈರ್ ಕಡಿಯುವ ಇಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೊಲೆನಾಯ್ಡಿನ ಸಣ್ಣ ವೈರಿಗೆ ಟೆಸ್ಟ್ ಲ್ಯಾಂಪ್ (ವೈರ್ ಕಟ್ಟಿದ ಸಣ್ಣ ಬಲ್ಬ್) ಇಟ್ಟು ಚಾವಿ ತಿರುವಿ: ಹತ್ತದಿದ್ದರೆ ಆ ವೈರ್ ಎಲ್ಲೋ ತುಂಡಾಗಿದೆ, ಇಲ್ಲವೇ ಅದಕ್ಕಿಂತ ಹಿಂದಿನ ಸ್ವಿಚ್ಚು, ರಿಲೇ ಕೆಟ್ಟಿದೆ. ಸೊಲೆನಾಯ್ಡಿನ ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಾಕಿ ಸೆಲ್ಫ್ ಹೊಡೆಯುವ ಚಾಳಿ ಮಾತ್ರ ಬೇಡ. ಹಾಗೆ ಹೊಡೆದರೆ ನ್ಯೂಟ್ರಲ್ ಸ್ವಿಚ್ಚಿನ ಕಾವಲು ತಪ್ಪುತ್ತದೆ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಸ್ಟಾರ್ಟ್ ಆದ ಕ್ಷಣವೇ ಮುಂದಕ್ಕೆ ನುಗ್ಗುತ್ತದೆ, ನೀವು ನಿಂತಿರುವುದು ಹಿಂದಿನ ದೊಡ್ಡ ಗಾಲಿಯ ಮುಂದೆ.